ಉಳುಕಿಗೆ ಮೂರು ಒದೆ

"ಜೋರಾಗಿ ಒದೀಬೇಕು ಕಣೇ. ಗಂಡ ಅಂತ ದಾಕ್ಷಿಣ್ಯ ನೋಡ್ಬೇಡ," ಎಂದರು ಜಲಜಮ್ಮ.

ಸುಘೋಷ್ ನಡುಮನೆಯಲ್ಲಿ ಬೋರಲು ಬಿದ್ದುಕೊಂಡಿದ್ದ. ಬೆಳಿಗ್ಗೆ ನೀರಿನ ಬಕೆಟ್ ಎತ್ತುವಾಗ ಬೆನ್ನಲ್ಲಿ ಚಳುಕು ಹೊಡೆದಿತ್ತು. ಉಳುಕು ಎಂದು ಅಮ್ಮ ತೀರ್ಪು ಕೊಟ್ಟಾಯಿತು. ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಉಳುಕು ಬಿಡುತ್ತದೆ. ಇಡೀ ಚಂದ್ರಾ ಲೇಔಟಿನಲ್ಲಿ ಹಾಗೆ ಹುಟ್ಟಿದವಳು ಅವರಿಗೆ ಗೊತ್ತಿದ್ದದ್ದು ಒಬ್ಬಳೇ, ಸೊಸೆ ರಾಗಿಣಿ. ಎದುರುಮನೆಯವರಿಗೆ ಕಾಣದಂತೆ ಪರದೆ ಎಳೆದರು.

"ಇದರಲ್ಲಿ ವಿಜ್ಞಾನ ಇಲ್ಲಮ್ಮ," ಎಂದ ಮೂವತ್ತೆರಡರ ಫಿಸಿಕ್ಸ್ ಲೆಕ್ಚರರ್, ನೆಲಕ್ಕೆ ಮೂಗು ಒತ್ತಿಕೊಂಡು.

ಮೊದಲೆರಡು ಒದೆ ಬರೀ ಶಾಸ್ತ್ರಕ್ಕೆ. ಮೂರನೆಯದು, ಅಬ್ಬಾ! 'ಊಟ ಆಯ್ತಾ', 'ಕರೆಂಟ್ ಬಿಲ್ ಕಟ್ಟಿದ್ರಾ' ಬಿಟ್ಟು ಬೇರೆ ಮಾತಿಲ್ಲದೆ ಐದು ವರ್ಷ ಸಂಸಾರ ಮಾಡಿದವಳ ಒದೆ. ಇಷ್ಟು ಮನಸ್ಸಿಟ್ಟು ಅವಳು ತನ್ನನ್ನು ಮುಟ್ಟಿ ಯಾವ ಕಾಲವಾಯಿತೋ ಎಂದುಕೊಂಡ. ಅವಳು ಬಗ್ಗಿ ಅವನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ನೋವು ಮಂಗಮಾಯ.

ಜಲಜಮ್ಮ ಬೀಗಿದರು. ರಾಗಿಣಿಗೆ ಮಾತ್ರ ಜೀವ ತಡೆಯಲಿಲ್ಲ. ಪಕ್ಕೆಲುಬು ಗಿಕ್ಕೆಲುಬು ಮುರಿದಿದ್ದರೆ? ಆಟೋ ಹತ್ತಿಸಿ ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ನರ್ಸ್ ಬಿಪಿ ನೋಡಿದಳು. ಎಡಗೈಯಲ್ಲಿ ಒಂದು ಅಂಕಿ, ಬಲಗೈಯಲ್ಲಿ ಇನ್ನೊಂದು. ಮೆಷಿನ್‌ಗೆ ಎರಡು ತಟ್ಟಿ ಬೇರೆಯದು ತಂದಳು. ಅದೂ ಅದೇ ಹಾಡು. ಸ್ಕ್ಯಾನ್ ಆಯಿತು. ಡಾಕ್ಟರ್ ಓಡುತ್ತಲೇ ಬಂದರು.

"ನೋವಿದ್ಯಾ?"

"ಇಲ್ಲ."

"ಸುಸ್ತು?"

"ಇಲ್ಲ."

"ಆಶ್ಚರ್ಯ ಕಣ್ರೀ. ಹೃದಯದಿಂದ ಹೊರಡೋ ದೊಡ್ಡ ರಕ್ತನಾಳ ಇದ್ಯಲ್ಲ, ಅದರ ಒಳಪದರ ಹರಿದಿದೆ. ಯಾವಾಗ ಬೇಕಾದ್ರೂ ಒಡೀಬಹುದು. ಈಗಲೇ ಆಪರೇಷನ್. ಅಲ್ಲಾಡ್ಬೇಡಿ, ಕೆಮ್ಮಬೇಡಿ, ಸಿಟ್ಟು ಮಾಡ್ಕೋಬೇಡಿ."

ಸಿಟ್ಟು ಮಾಡಿಕೊಳ್ಳುವಷ್ಟು ಯಾರೂ ಅವನಿಗೆ ಹತ್ತಿರವಿರಲಿಲ್ಲ. "ಬೆನ್ನಿಗೆ ಏನಾದ್ರೂ... ಏಟು ಬಿದ್ದಿದ್ರೆ?"

"ಏಟಿಂದ ಅಲ್ಲ. ಬೆಳಿಗ್ಗೆ ಚಳುಕು ಹೊಡೀತು ಅಂದ್ರಲ್ಲ, ಆಗಲೇ ಹರಿದಿದೆ." ಡಾಕ್ಟರ್ ಹೊರಟುಹೋದರು.

ಆಪರೇಷನ್‌ಗೆ ಹೊರಗೆ ಕೌಂಟರಿನಲ್ಲಿ ಸಹಿ ಹಾಕಿ ರಾಗಿಣಿ ಒಳಗೆ ಬಂದಳು. "ರೀ, ನಾನು ಒದ್ದಿದ್ದಕ್ಕಾ?"

ಅಲ್ಲ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅವಳು ಅಳುತ್ತಿದ್ದಳು, ಅವನಿಗಾಗಿ, ಮೊಟ್ಟಮೊದಲ ಸಲ. ಇನ್ನೊಂದು ಗಳಿಗೆ ಅಳಲಿ ಎನಿಸಿತು. ಮಾನಗೆಟ್ಟ ಆಸೆ.

"ಆಮೇಲೆ ಮಾತಾಡೋಣ," ಎಂದ.

ಸ್ಟ್ರೆಚರ್ ಹೊರಟಿತು. ಲಿಫ್ಟಿನೊಳಗೆ ಅವಳನ್ನು ಬಿಡಲಿಲ್ಲ. ಬಾಗಿಲು ಮುಚ್ಚಿದ ಮೇಲೆ ಅವನಿಗೆ ಹೊಳೆಯಿತು. ಆಮೇಲೆ ಎನ್ನುವುದೇ ಇಲ್ಲದಿದ್ದರೆ? ಕೊಂದವಳು ನಾನೇ ಎಂದುಕೊಂಡು ಅವಳು ಸಾಯುವವರೆಗೂ ಬದುಕಬೇಕಲ್ಲ!

"ನಿಲ್ಸಿ, ಅವಳಿಗೊಂದು ಮಾತು ಹೇಳ್ಬೇಕು."

"ಮಾತಾಡ್ಬೇಡಿ ಸಾರ್," ಎಂದ ಅಟೆಂಡರ್.

ಲಿಫ್ಟ್ ತಾನಾಗಿಯೇ ನಿಂತಿತು. ಬಾಗಿಲು ತೆರೆಯಿತು. ಸುಘೋಷ್ ಇದ್ದಬದ್ದ ಉಸಿರನ್ನೆಲ್ಲ ಕೂಡಿಸಿ ಕೂಗಿದ: "ನಿನ್ನಿಂದಲ್ಲ ಕಣೇ!"

ಮೇಲಿನ ಮಹಡಿ. ಹೊರಗೆ ಫ್ಲಾಸ್ಕ್ ಹಿಡಿದು ನಿಂತಿದ್ದ ಯಾರೋ ವಯಸ್ಸಾದ ಹೆಂಗಸು ಅವನನ್ನೂ ಸ್ಟ್ರೆಚರನ್ನೂ ನೋಡಿ, ಮರ್ಯಾದೆಯಿಂದ ಒಂದು ಹೆಜ್ಜೆ ಹಿಂದೆ ಸರಿದರು.

"ಪರವಾಗಿಲ್ಲಪ್ಪ, ನೀವು ಹೋಗಿ. ನಾನು ಆಮೇಲೆ ಬರ್ತೀನಿ."

ಬಾಗಿಲು ಮುಚ್ಚಿಕೊಂಡಿತು.