ಅಣ್ಣ ಗೋ-ಕಾರ್ಟ್ ನೋಡಲು ಹೋದದ್ದು

ಕಣ್ಣಿಲ್ಲದವನಿಗೆ ಗಾಡಿ ಕೊಡಿಸೋದು ಅಂದರೆ ಏನು ಹುಡುಗಾಟವಾ? ಬೇಡ ಬೇಡ ಅಂತ ಮೊದಲ ದಿನದಿಂದ ಬಡ್ಕೊಂಡೆ. ಈ ಮನೆಯಲ್ಲಿ ನನ್ನ ಮಾತು ಯಾರಿಗೆ ಬೇಕು?

ಅಣ್ಣ ಬಸ್ ಡ್ರೈವರ್ ಆಗಿದ್ದ. ಅತ್ತಿಗೆ ಅದೇ ಬಸ್ಸಿನ ಕಂಡಕ್ಟರ್. ಹಾಗೇ ಕೂಡಿಬಂದ ಮದುವೆ. ಹೋದ ವರ್ಷ ಕಣ್ಣಿನ ನರ ಒಣಗಿ ಅಣ್ಣನ ಎರಡು ಕಣ್ಣೂ ಪೂರ್ತಿ ಹೋದವು. ಆಮೇಲೆ ಅವನು ಮಂಚ ಬಿಟ್ಟು ಏಳಲಿಲ್ಲ. ಗಡ್ಡ ಬೋಳಿಸಿಕೊಳ್ಳಲಿಲ್ಲ. ತಟ್ಟೆ ಮುಂದಿಟ್ಟರೆ ಉಂಡ, ಇಲ್ಲದಿದ್ದರೆ ಇಲ್ಲ. ನೋಡಿದರೆ ಕರುಳು ಕಿತ್ತು ಬರುತ್ತಿತ್ತು.

ಹಾಗಿರುವಾಗ ಪಕ್ಕದ ಬೀದಿಯ ಗುಜರಿಯವ ಬಂದು, "ಒಂದು ಗೋ-ಕಾರ್ಟ್ ಬಂದಿದೆ, ಆಟದ ಗಾಡಿ, ಬಿಟ್ಟಿಗೆ ಬಿದ್ದ ಹಾಗೆ ಕೊಡ್ತೀನಿ," ಅಂದ. ಅಣ್ಣ ಎದ್ದು ಕೂತ.

"ಅಗ್ಗ ಅಂತ ಮುಗ್ಗಲು ಜೋಳ ತಂದ ಹಾಗಾಗುತ್ತೆ," ಅಂದೆ ನಾನು.

"ರೋಡಿಗೆ ಒಯ್ಯಲ್ಲ ಕಣೇ. ಖಾಲಿ ಮೈದಾನ. ಇವಳು ಸೀಟಿ ಊದ್ತಾಳೆ, ನಾನು ಓಡಿಸ್ತೀನಿ. ಬಸ್ಸು ರಿವರ್ಸ್ ತಗೊಳ್ಳೋವಾಗ ನನ್ನ ಕಣ್ಣು ಯಾರಾಗಿದ್ರು? ಇವಳೇ ತಾನೆ?"

"ಅತ್ತಿಗೆ, ನೀವಾದ್ರೂ ಬುದ್ಧಿ ಹೇಳಿ."

"ಒಂದ್ಸಲ ಓಡಿಸಿ ನೋಡ್ಲಿ. ಸರಿಹೋದ್ರೆ ತಗೊಳ್ಳೋಣ, ಇಲ್ಲಾಂದ್ರೆ ಅಲ್ಲಿಗೇ ಬಿಡೋಣ," ಅಂದರು ಅತ್ತಿಗೆ. ಅವರ ಮುಖದಲ್ಲಿದ್ದ ಆಸೆ ನೋಡಿ ನಾನೂ ಜೊತೆಗೆ ಹೊರಟೆ.

ಗುಜರಿ ಅಂಗಡಿಯ ಹಿಂದೆಯೇ ಮೈದಾನ. ಗಾಡಿ ಅಂದರೆ ಏನು ಮಹಾ, ನಾಲ್ಕು ಕಬ್ಬಿಣದ ಪೈಪು, ಪುಟ್ಟ ಚಕ್ರ, ಹಿಂದೆ ಗಂಟಲು ಹರಿಯುವಂತೆ ಅರಚುವ ಎಂಜಿನ್. ಮಾತು ಕೇಳಿಸುವ ಹಾಗಿಲ್ಲ, ಸೀಟಿಯೇ ಗತಿ. ಬಸ್ಸಿನ ಪದ್ಧತಿಯೇ ಇಲ್ಲೂ: ಎರಡು ಸಲ ಊದಿದರೆ ಹೊರಡು, ಒಂದೇ ಸಲ ಉದ್ದಕ್ಕೆ ಊದಿದರೆ ನಿಲ್ಲು.

ಅತ್ತಿಗೆ ಎರಡು ಸಲ ಊದಿದರು. ಅಣ್ಣ ಹೊರಟ. ಅಯ್ಯೋ, ಆ ಮುಖ ನೋಡಬೇಕಿತ್ತು! ಬಸ್ಸಿನಲ್ಲಿ ಕೂರುತ್ತಿದ್ದ ಹಾಗೇ ನೆಟ್ಟಗೆ ಕೂತಿದ್ದ, ತುಟಿಯಲ್ಲಿ ನಗು. ಉದ್ದನೆಯ ಸೀಟಿ ಕೇಳಿದ್ದೇ ನಿಲ್ಲಿಸಿದ. ನಾವು ಹೋಗಿ ಗಾಡಿ ತಿರುಗಿಸಿ ಕೊಟ್ಟೆವು. ನನಗೂ ಅಳು ಬಂತು. ಹಾಳಾಗಿ ಹೋಗಲಿ, ತಗೊಳ್ಳಲಿ ಬಿಡು ಅನ್ನಿಸಿತು.

ಮತ್ತೆ ಹೊರಟಾಗ ಗಾಡಿ ಓರೆಯಾಗಿ ಇಟ್ಟಿಗೆ ರಾಶಿಯತ್ತ ನುಗ್ಗಿತು. ಅತ್ತಿಗೆ ಸೀಟಿ ಬಾಯಿಗಿಟ್ಟರು. ಗಾಬರಿಗೆ ಉಸಿರು ನಡುವೆಯೇ ಕಡಿದು, ಸೀಟಿ ಎರಡು ಸಲ ಕೂಗಿತು. ಹೊರಡು ಅಂದಳು ಅಂತ ಅಣ್ಣ ಆಕ್ಸಿಲರೇಟರ್ ಇನ್ನಷ್ಟು ಒತ್ತಿದ. ಗಾಡಿ ರಾಶಿಗೆ ಗುದ್ದಿ ಎಂಜಿನ್ ನಿಂತಿತು.

ಮೊಣಕಾಲು ಜಜ್ಜಿಹೋಗಿತ್ತು. ಗುಜರಿಯವನೂ ನಾನೂ ಅವನನ್ನು ಹೊರಗೆ ಎಳೆದು ಮಲಗಿಸಿದೆವು. ನರಳಲಿಲ್ಲ ಅವನು. ಕೈಚಾಚಿ ಅತ್ತಿಗೆಗಾಗಿ ತಡಕಾಡಿದ.

"ನನಗೆ ಎರಡು ಕೇಳಿಸ್ತು ಕಣೇ. ನೀನು ತಪ್ಪು ಊದೋಳಲ್ಲ. ಒಂದೇ ತಾನೆ ಊದಿದ್ದು?"

ಅತ್ತಿಗೆ ಒಮ್ಮೆ ನನ್ನನ್ನು ನೋಡಿದರು.

"ಹೂಂ ರೀ. ಒಂದೇ."

ನನಗೆ ಮೈಯೆಲ್ಲ ಉರಿದುಹೋಯಿತು. ಊರವರ ಮೇಲೆಲ್ಲ ಬಾಯಿ ಮಾಡುವವಳು ನಾನು, ಆಗ ನಾಲಿಗೆ ಹೊರಳಲಿಲ್ಲ.

"ಹಾಗಾದ್ರೆ ಕಿವಿನೂ ಹೋಯ್ತು," ಅಂದ ಅಣ್ಣ. "ಗಾಡಿ ಬೇಡ ಅಂತ ಹೇಳ್ಬಿಡು ಅವನಿಗೆ."

ಅತ್ತಿಗೆ ಅವನ ಕೈ ಹಿಡಿದು ಏನೋ ಸಮಾಧಾನ ಹೇಳತೊಡಗಿದರು. ಅವನು ಕೈ ಬಿಡಿಸಿಕೊಂಡ.

"ನೀನು ಈಗ ಏನಂತಿದ್ದೀಯೋ, ನನಗೆ ಏನು ಕೇಳಿಸ್ತಿದೆಯೋ," ಅಂದ. "ಹೇಗೆ ನಂಬಲಿ ಹೇಳು?"