ಅಂಚಿನ ಕಂಬ

ಕಂಬ ಬಿದ್ದಿತ್ತು.

ಇವಾಲು ಅದರ ಸುತ್ತ ಎರಡು ಸುತ್ತು ಬಂದಳು. ಯಾರನ್ನು ಬೈಯಬೇಕೆಂದು ತಿಳಿಯದೆ ಮೊದಲು ಗಾಳಿಯನ್ನು ಬೈದಳು, ಆಮೇಲೆ ನರಿಗಳನ್ನು ಬೈದಳು, ಕೊನೆಗೆ ಕಂಬಕ್ಕೇ ಒಂದು ಒದೆ ಕೊಟ್ಟು ತನ್ನ ಕಾಲನ್ನೇ ನೋಯಿಸಿಕೊಂಡಳು. ನಾಲ್ಕು ಮೀಟರ್ ಉದ್ದದ ಅಲ್ಯೂಮಿನಿಯಂ ಕಂಬ ಹಿಮದ ಮೇಲೆ ಉದ್ದಕ್ಕೆ ಮಲಗಿಬಿಟ್ಟಿತ್ತು. ಆರು ವರ್ಷ ನೆಟ್ಟಗೆ ನಿಂತದ್ದು, ಇದೇ ವರ್ಷ ಮಲಗಬೇಕೆ!

ಕಂಬದ ಲೆಕ್ಕ ಸರಳ. ಮೇ ತಿಂಗಳಲ್ಲಿ ಬಿಸಿ ಆವಿ ಹಾಯಿಸಿ ಹಿಮಹಾಸಿನಲ್ಲಿ ನಾಲ್ಕು ಮೀಟರ್ ಆಳದ ತೂತು ಕೊರೆಯಬೇಕು, ಕಂಬವನ್ನು ತಲೆ ಮುಳುಗುವವರೆಗೆ ಇಳಿಸಬೇಕು. ಬೇಸಿಗೆ ಕಳೆದು ಸೆಪ್ಟೆಂಬರಿನಲ್ಲಿ ಬಂದಾಗ ಎಷ್ಟು ಹೊರಗೆ ಕಾಣುತ್ತದೋ ಅಷ್ಟು ಹಿಮ ಕರಗಿತು ಎಂದರ್ಥ. ಪೂರ್ತಿ ಹೊರಗೆ ಬಂದರೆ ಕಂಬ ಬೀಳುತ್ತದೆ. ಆಗ ‘ನಾಲ್ಕಕ್ಕಿಂತ ಹೆಚ್ಚು’ ಎಂದು ಬರೆದು ಕೈಕಟ್ಟಿ ಕೂರಬೇಕು, ಎಷ್ಟು ಹೆಚ್ಚೆಂದು ಹೇಳಲಾಗುವುದಿಲ್ಲ. ಇದಕ್ಕೆ ಕಂಪ್ಯೂಟರ್ ಬೇಡ, ಒಂದು ಟೇಪು ಸಾಕು. ನೂಕ್ ಪಟ್ಟಣದ ತನ್ನ ಹಿಮ ಸಂಶೋಧನಾ ಸಂಸ್ಥೆಯಲ್ಲಿ ಇವಾಲು ಎಲ್ಲರೆದುರು ಹೇಳುತ್ತಿದ್ದ ಮಾತು ಒಂದೇ: “ಉಪಗ್ರಹ ಏನು ಬೇಕಾದ್ರೂ ಹೇಳ್ಲಿ, ಕಂಬ ಸುಳ್ಳು ಹೇಳಲ್ಲ.”

ಜಗಳವಿದ್ದದ್ದೂ ಅಲ್ಲೇ. ಕೋಪನ್‌ಹೇಗನ್ನಿನಲ್ಲಿ ಕೂತು ಉಪಗ್ರಹದ ಚಿತ್ರಗಳಿಂದ ನಕ್ಷೆ ಮಾಡುವ ಮಿಕೆಲ್ ರಾಸ್ಕ್, ಗ್ರೀನ್‌ಲ್ಯಾಂಡಿನ ಈ ದಕ್ಷಿಣದ ಅಂಚು ವರ್ಷದಿಂದ ವರ್ಷಕ್ಕೆ ಹೆಚ್ಚು ಕರಗುತ್ತಿದೆ ಎನ್ನುತ್ತಿದ್ದ. ಇವಾಲುವಿನ ಅಂಚಿನ ಕಂಬ ಮಾತ್ರ ಮೂರು ಮೀಟರ್ ಮೂವತ್ತು, ಮೂರು ಇಪ್ಪತ್ತೊಂಬತ್ತು, ಮೂರು ಮೂವತ್ತೊಂದು ಎಂದು ಒಂದೇ ಪಾಠ ಒಪ್ಪಿಸುತ್ತಿತ್ತು. ಕಾರಣವನ್ನೂ ಅವಳೇ ಕಂಡುಹಿಡಿದಿದ್ದಳು. ಮಧ್ಯಾಹ್ನ ಗುಡ್ಡಗಳ ನಡುವೆ ಒಳನುಗ್ಗಿದ ಕಡಲತೋಳಿನಿಂದ ಮಂಜು ಎದ್ದು ಅಂಚಿಗೆ ನೆರಳು ಹಿಡಿಯುತ್ತದೆ, ಅದಕ್ಕೇ ಇಲ್ಲಿ ಕರಗುವುದು ಒಂದು ಮಟ್ಟದಲ್ಲಿ ನಿಂತಿದೆ. ಈ ಮಂಜಿನ ಮೇಲೆ ಎರಡು ಪ್ರಬಂಧ ಬರೆದು ಹೆಸರೂ ಮಾಡಿದ್ದಳು. ಹಿಮಹಾಸಿನ ಮೇಲುಗಡೆ ಅವಳೇ ನೆಟ್ಟಿದ್ದ ಇನ್ನೆರಡು ಕಂಬಗಳು ಮಿಕೆಲ್‌ನ ಪರ ಸಾಕ್ಷಿ ಹೇಳಿದರೂ ಅವಳು ಕೇಳಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಇವತ್ತು ಮೂರು ಗಂಟೆಗೆ ಈ ವರ್ಷದ ಅಳತೆಯನ್ನು ಮಿಕೆಲ್‌ಗೆ ಫೋನಿನಲ್ಲಿ ಹೇಳಬೇಕಿತ್ತು, ಏಳನೆಯ ಸಲವೂ ಅದೇ ಅಳತೆ ಬಂದರೆ ಅವನ ಬಾಯಿ ಮುಚ್ಚುತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಗೊಣಗುತ್ತಲೇ ಅವಳು ಕಲ್ಲುಗುಡ್ಡ ಇಳಿದು ಎಫ್ರಾಯಿಮನ ಮನೆಗೆ ಬಂದಳು. ಹಿಮದ ಬುಡದಲ್ಲಿ ಕುರಿ ಸಾಕಿಕೊಂಡಿರುವ ಮನೆ ಅದೊಂದೇ. ಪ್ರತಿ ಸಲವೂ ಅವಳ ಊಟ, ನಿದ್ದೆ ಅಲ್ಲೇ. ಎಫ್ರಾಯಿಮನಿಗೆ ಅರವತ್ತೆಂಟು, ಅವಳಿಗೆ ನಲವತ್ತನಾಲ್ಕು. ಆದರೂ ಅವನು ಅವಳನ್ನು ಅಕ್ಕ ಎನ್ನುತ್ತಾನೆ, ಅವಳು ಅವನನ್ನು ತಮ್ಮ ಎನ್ನುತ್ತಾಳೆ. ತೀರಿಕೊಂಡ ಅವನ ಅಕ್ಕನ ಹೆಸರೂ ಇವಾಲು, ಆ ನಾಡಿನವರ ನಂಬಿಕೆಯಲ್ಲಿ ಹೆಸರು ಬಂದಮೇಲೆ ಆಳೂ ಬಂದ ಹಾಗೆಯೇ.

ಕುರಿಗಳನ್ನೆಲ್ಲ ಗುಡ್ಡದಿಂದ ಇಳಿಸಿ ಆಗಿತ್ತು. ಮೇಜಿನ ಮೇಲೆ ಕಾಫಿ, ನಾಲ್ಕು ಬಗೆಯ ಕೇಕು, ಒಣಮೀನು. ಎಫ್ರಾಯಿಮನ ಬಲಗೈ ಭುಜದವರೆಗೆ ಪ್ಲಾಸ್ಟರಿನಲ್ಲಿತ್ತು. ಜುಲೈಯಲ್ಲಿ ಗಾಡಿ ಮಗುಚಿ ಮುರಿದದ್ದು.

“ಬಾ ಅಕ್ಕ. ಯಾಕೆ ಮುಖ ಹರಳೆಣ್ಣೆ ಕುಡಿದ ಹಂಗಿದೆ?”

“ಕಂಬ ಬಿದ್ದೋಗಿದೆ, ತಮ್ಮ.”

ಎಫ್ರಾಯಿಮ್ ತಲೆ ತಗ್ಗಿಸಿದ. “ನಂದೇ ತಪ್ಪು. ಈ ಸಲ ಆಗ್ಲೇ ಇಲ್ಲ ನೋಡು.”

“ಏನಾಗ್ಲಿಲ್ಲ?”

“ನೆಡೋಕೆ. ಈ ಕೈ ಇಟ್ಕೊಂಡು ಹಾರೆ ಎತ್ತೋದೆಂಗೆ? ಅಳಿಯಂಗೆ ಹೇಳ್ದೆ, ಅಕ್ಕನ ಕಂಬ ಎತ್ತಿ ನಿಲ್ಸಿ ಬಾರೋ ಅಂತ. ಆ ಸೋಮಾರಿ ಕುರಿ ಅಟ್ಕೊಂಡು ಹಂಗೇ ಬಂದ್ಬಿಟ್ಟ.”

ಇವಾಲು ಲೋಟ ಕೆಳಗಿಟ್ಟಳು. “ಹಾಗಂದ್ರೆ... ಮುಂಚೆ ನೀನು ನಿಲ್ಲಿಸ್ತಿದ್ಯಾ?”

“ವರ್ಷಾ ವರ್ಷ. ಕುರಿ ಹುಡುಕ್ಕೊಂಡು ಅಂಚಿಗೆ ಹೋದ್ರೆ ಬಿದ್ದಿರೋದು. ಇನ್ನೊಂದು ವಾರಕ್ಕೆ ಅಕ್ಕ ಬರ್ತಾಳೆ, ಅಷ್ಟು ದೂರದಿಂದ ಬಂದು ಬಿದ್ದಿದ್ದು ನೋಡ್ಬೇಕಾ ಅಂತ...”

“ಮದುವೆಗೆ ಕರ್ಕೊಂಡು ಹೋದ್ರೂ ಅವರ ಬೇಲಿ ಸರಿಮಾಡಿ ಬರೋ ಪ್ರಾಣಿ ಇದು,” ಎಂದಳು ಹೆಂಡತಿ ಅಗಾಥೆ, ಇವಾಲುವಿನ ತಟ್ಟೆಗೆ ಇನ್ನೊಂದು ತುಂಡು ಕೇಕು ಹಾಕುತ್ತ. “ಕಂಬ ಬಾಗಿದ್ರೆ ಇವರಿಗೆ ಅನ್ನ ಇಳಿಯಲ್ಲ.”

“ಎಷ್ಟು ಆಳ ನೆಡ್ತಿದ್ದೆ?” ಇವಾಲುವಿನ ದನಿ ಅವಳಿಗೇ ಕೇಳಿಸದಷ್ಟು ಇಳಿದಿತ್ತು.

“ತೋಳು ಹೋಗೋಷ್ಟು. ಹಾರೇಲಿ ಕುಟ್ಟಿ, ಬೋರಲು ಮಲಗಿ, ಒಳಗಿನ ಚೂರೆಲ್ಲ ಕೈಯಲ್ಲಿ ಬಾಚ್ಬೇಕಲ್ಲ? ಕೈ ಮುಟ್ಟದ ಕಡೆ ಬಾಚೋದೆಂಗೆ? ನಮ್ಮಪ್ಪ ಬೇಲಿ ಕಂಬ ನೆಡ್ತಿದ್ದಿದ್ದೂ ಹಂಗೇ. ಒಂದು ರಾತ್ರಿ ಚಳಿ ಹಿಡಿದ್ರೆ ಸಾಕು, ಕಲ್ಲಿನ ಹಂಗೆ ಕೂರತ್ತೆ.”

ಇವಾಲು ಜೇಬಿನಿಂದ ಟೇಪು ತೆಗೆದಳು. “ಎಡಗೈ ಚಾಚು.”

“ಅಂಗಿ ಹೊಲಿಸ್ತೀಯಾ?” ಎಂದು ನಗುತ್ತ ಅವನು ಕೈ ಚಾಚಿದ. ಕಂಕುಳಿಂದ ಬೆರಳ ತುದಿಗೆ ಎಪ್ಪತ್ತು ಸೆಂಟಿಮೀಟರ್. ನಾಲ್ಕು ಮೀಟರಿನಲ್ಲಿ ಎಪ್ಪತ್ತು ಕಳೆದರೆ ಮೂರು ಮೂವತ್ತು. ಆರು ವರ್ಷ, ಎರಡು ಪ್ರಬಂಧ, ಮೂರು ದೇಶದ ಸಭೆಗಳಲ್ಲಿ ಭಾಷಣ, ಎಲ್ಲ ಎಫ್ರಾಯಿಮನ ತೋಳಿನಳತೆ! ನಗಬೇಕೋ ಅಳಬೇಕೋ ತಿಳಿಯದೆ ಅವಳು ಮೇಜಿನ ಮೇಲೆ ಗುದ್ದಿದಳು. ಕಾಫಿ ಚೆಲ್ಲಿತು.

“ಯಾಕೋ ಹೇಳ್ಲಿಲ್ಲ ನನಗೆ? ಒಂದು ಮಾತು! ಒಂದೇ ಒಂದು ಮಾತು ಹೇಳೋಕೆ ಏನಾಗಿತ್ತು ನಿಂಗೆ?”

“ಹೇಳೋದೇನು ಅದ್ರಲ್ಲಿ? ಅಕ್ಕಂಗೆ ಮಾಡಿದ್ದನ್ನ ಆಡ್ಕೊಂಡು ತಿರುಗ್ತಾರಾ?” ಎಫ್ರಾಯಿಮನ ಮುಖ ಸಣ್ಣದಾಯಿತು. “ಏನಾಯ್ತು, ಕೆಟ್ಟದಾಯ್ತಾ?”

ಅವಳು ಹೇಳಿದಳು. ಕಂಬ ಏಕೆ, ಬಿದ್ದದ್ದು ಬಿದ್ದೇ ಇರಬೇಕೇಕೆ, ಮಂಜಿನ ನೆರಳೆಂದರೇನು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಎಫ್ರಾಯಿಮ್ ಪೂರ್ತಿ ಕೇಳಿ, ಗದ್ದ ಕೆರೆದುಕೊಂಡ.

“ಮಂಜಾ? ಆ ಮೂಲೇಲಿ ಯಾವ ಮಂಜು? ಬೆಳಗ್ಗೆ ಒಂಚೂರು ಇರತ್ತೆ, ಹಾಲು ಕಾಯೋದ್ರೊಳಗೆ ಹೋಗತ್ತೆ. ನಮ್ಮಪ್ಪನ ಕಾಲಕ್ಕೆ ಹಿಮ ಇದ್ದ ಕಡೆ ಈಗ ನನ್ನ ಕುರಿ ಮೇಯ್ತಿವೆ ಅಕ್ಕ. ಆರು ವರ್ಷ ನೀನು ಇದೇ ಕುರ್ಚಿ ಮೇಲೆ ಕೂತು ಸೂಪು ಕುಡಿದೆ. ಹಿಮ ಎಂಗಿದೆ ತಮ್ಮ ಅಂತ ಒಂದಿನಾನಾದ್ರೂ ಕೇಳಿದ್ಯಾ? ಕೇಳಿದ್ರೆ ಹೇಳ್ತಿರ್ಲಿಲ್ವಾ?”

ಈ ಮಾತು ಅವಳನ್ನು ಇನ್ನಷ್ಟು ಕೆರಳಿಸಿತು. ಚೀಲದಿಂದ ಹಳೆಯ ಟಿಪ್ಪಣಿ ಪುಸ್ತಕ ತೆಗೆದು ಹಾಳೆ ಮಗುಚಿದಳು. ಮೂರು ವರ್ಷದ ಹಿಂದೆ ಅವಳದೇ ಕೈಬರಹ: ‘ಕಂಬದ ಬುಡದಲ್ಲಿ ಹಿಮದ ಚೂರು. ಗಾಳಿಗೆ ಬಂದದ್ದಿರಬೇಕು.’ ಮರುವರ್ಷ ಮತ್ತೆ: ‘ಬುಡದಲ್ಲಿ ಚೂರು.’ ಕಣ್ಣಿಗೆ ಕಂಡಿತ್ತು, ಕೈಯಲ್ಲಿ ಬರೆದಿದ್ದಳು. ಬಗ್ಗಿ ನೋಡಲಿಲ್ಲ. ಬೇಕಾದ ಅಳತೆ ಸಿಕ್ಕಿಬಿಟ್ಟಿದ್ದರಿಂದ ಬಗ್ಗುವ ಅಗತ್ಯವೇ ಕಾಣಲಿಲ್ಲ. ಯಾರನ್ನು ಬೈಯಬೇಕೆಂದು ಬೆಳಗ್ಗೆಯಿಂದ ಹುಡುಕುತ್ತಿದ್ದವಳಿಗೆ ಆಳು ಸಿಕ್ಕಿದಂತಾಯಿತು.

ಮೂರು ಗಂಟೆಗೆ ಐದು ನಿಮಿಷವಿತ್ತು. ಒಂದು ಕೆಟ್ಟ ಯೋಚನೆ ಬಂದುಹೋಯಿತು. ಈ ವರ್ಷ ಕಂಬ ಬಿತ್ತು, ಅಳತೆ ಸಿಗಲಿಲ್ಲ ಎಂದರೆ ಸಾಕು. ಹಿಂದಿನ ಆರು ವರ್ಷ ಹಾಗೇ ಉಳಿಯುತ್ತವೆ, ಅವಳ ಹೆಸರೂ ಉಳಿಯುತ್ತದೆ. ಈ ಮನೆಯಿಂದ ಮಾತು ಹೊರಗೆ ಹೋಗುವುದಿಲ್ಲ. ಇವರು ತಮ್ಮ ಉಪಕಾರವನ್ನೇ ಬಾಯಿ ಬಿಟ್ಟು ಹೇಳದ ಜನ.

ಅಷ್ಟರಲ್ಲಿ ಫೋನೇ ಬಂತು. ಮಿಕೆಲ್ ಅವಳಿಗೆ ಬಾಯಿ ತೆರೆಯಲು ಬಿಡಲಿಲ್ಲ.

“ಇವಾಲು, ಮೊದಲು ನಾನು ಹೇಳ್ತೀನಿ, ಕೇಳಿ ಖುಷಿಪಡು. ಸೋತೆ ಮಾರಾಯ್ತಿ, ಒಪ್ಕೊಂಡೆ! ನಿನ್ನ ಆರು ವರ್ಷದ ಅಳತೆ ಹಿಡ್ಕೊಂಡೇ ನನ್ನ ನಕ್ಷೆ ತಿದ್ದಿದೀನಿ. ದಕ್ಷಿಣದ ಅಂಚಿನುದ್ದಕ್ಕೂ ಕರಗೋ ಲೆಕ್ಕ ಇಳಿಸಿದೆ. ಸೋಮವಾರ ಕಡಲಗೋಡೆ ಕಟ್ಟೋರಿಗೆ ಕಳಿಸಿಯೂ ಆಯ್ತು, ಗೋಡೆ ಎಷ್ಟೆತ್ತರ ಬೇಕು ಅಂತ ಅವರು ಅದನ್ನ ನೋಡೇ ಲೆಕ್ಕ ಹಾಕೋದು.”

ಈ ಮಾತು ಕೇಳಲು ಅವಳು ಆರು ವರ್ಷ ಕಾದಿದ್ದಳು. ಸಭೆಗಳಲ್ಲಿ ಅವನನ್ನು ಎಷ್ಟು ಸಲ ಗೇಲಿ ಮಾಡಿದ್ದಳೋ! ಪಾಪ, ಸರಿಯಿದ್ದ ಮನುಷ್ಯ ಕೊನೆಗೆ ಅವಳ ಹಟಕ್ಕೆ ಮಣಿದು ತಪ್ಪನ್ನು ಒಪ್ಪಿಕೊಂಡಿದ್ದ, ಅದೂ ಇದೇ ವಾರ.

“ವಾಪಸ್ ತರಿಸು,” ಎಂದಳು.

“ಏನನ್ನ?”

“ನಕ್ಷೆ. ನಿಂದೇ ಸರಿ ಇತ್ತು ಮಿಕೆಲ್. ನನ್ನ ಕಂಬ ಸುಳ್ಳು.”

“ಆರೂ ವರ್ಷನಾ?”

“ಆರೂ.”

“ಹಾಗಾದ್ರೆ ನಿಜವಾಗಿ ಎಷ್ಟು ಕರಗ್ತು ಅಲ್ಲಿ?”

“ನಾಲ್ಕಕ್ಕಿಂತ ಜಾಸ್ತಿ. ಎಷ್ಟು ಜಾಸ್ತಿ ಅಂತ ಕಂಬದಿಂದ ಇನ್ನು ಗೊತ್ತಾಗಲ್ಲ. ಕಳೆದೋಯ್ತು ಅದು.”

“ಅವರು ಕಾರಣ ಕೇಳ್ತಾರೆ ಇವಾಲು. ಏನಂತ ಬರೀಲಿ? ಯಾರಾದ್ರೂ ಕಂಬ ಮುಟ್ಟಿದ್ರಾ?”

ಫೋನಿನ ಮಾತು ಮೇಜಿನಾಚೆಗೂ ಕೇಳುತ್ತಿತ್ತು, ಎಫ್ರಾಯಿಮನಿಗೆ ಅಷ್ಟು ಡ್ಯಾನಿಶ್ ಭಾಷೆ ಬರುತ್ತಿತ್ತು. ಅವನು ಕುರ್ಚಿಯಿಂದ ಎದ್ದು ಎಡಗೈ ಮುಂದೆ ಚಾಚಿದ. “ಕೊಡಕ್ಕ ಇಲ್ಲಿ. ಮುಟ್ಟಿದ್ದು ನಾನು, ನಾನೇ ಹೇಳ್ತೀನಿ.”

ಇವಾಲು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿ ಗೋಡೆಯ ಕಡೆ ತಿರುಗಿದಳು.

“ಬುಡ ನೋಡದೆ ತುದಿ ಅಳೆದಳು ಅಂತ ಬರಿ,” ಎಂದಳು. “ನನ್ನ ಹೆಸರು ಹಾಕು. ಪೂರ್ತಿ ಹೆಸರು.”