ಹಿಲ್ಡಾ ಬಾಯಿಯ ಗಂಟಲು

ಜೆಪ್ಪುವಿನ ಹಿಲ್ಡಾ ಬಾಯಿ ಚರ್ಚಿನ ಗಾಯನ ತಂಡ ಬಿಟ್ಟು ಎರಡು ವರ್ಷವಾಗಿತ್ತು. ಹಬ್ಬದ ‘ಗ್ಲೋರಿಯಾ’ ಸ್ತುತಿಗೀತೆ ಈ ಸಲವೂ ತಪ್ಪುತ್ತದೆಂಬ ದುಃಖ ಒಳಗಿದ್ದರೂ, ಕೇಳಿದವರಿಗೆಲ್ಲ ಗಂಟಲು ಸರಿಯಿಲ್ಲ ಎನ್ನುತ್ತಿದ್ದರು. ನರ್ಸ್ ಆಗಿದ್ದ ಸೊಸೆ ಶರ್ಲಿ ನಂಬಲಿಲ್ಲ.

“ಮಮ್ಮಿ, ಮೀನಿನವಳ ಹತ್ತಿರ ಚರ್ಚೆ ಮಾಡುವಾಗ ನಿಮ್ಮ ಗಂಟಲು ಮೂರು ಮನೆಗೆ ಕೇಳ್ತದೆ. ನಿಜ ಎಂತ?”

ನಿಜ ಬಹಳ ಸಣ್ಣ ದನಿಯಲ್ಲಿ ಹೊರಬಂತು. ಸ್ವರ ಮೇಲಕ್ಕೆ ಹೋದರೆ ನಾಲ್ಕು ಹನಿ ಮೂತ್ರ ಜಾರುತ್ತದೆ.

“ಅಷ್ಟೆಯಾ? ಅದಕ್ಕೆ ವ್ಯಾಯಾಮ ಉಂಟು.”

ಕೊಟ್ಟಾರದ ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟಳು: ಮೂತ್ರ ತಡೆಯುವ ಸ್ನಾಯುಗಳನ್ನು ಏಳೆಂಟು ಸೆಕೆಂಡು ಬಿಗಿಹಿಡಿಯಬೇಕು, ಅಷ್ಟೇ ಹೊತ್ತು ಸಡಿಲಿಸಬೇಕು, ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಸಂಜೆಯ ಪಾಳಿಗೆ ಜಪಸರದ ಹತ್ತು ಮಣಿಗಳು ತಯಾರಾಗಿಯೇ ಇದ್ದವು. ಪ್ರತಿ ಮಣಿಗೆ ಗಂಡ ಅಲೆಕ್ಸ್ ಪ್ರಾರ್ಥನೆಯ ಮೊದಲರ್ಧ ಹೇಳುವಾಗ ಬಿಗಿ, ತಾವು ಉಳಿದರ್ಧ ಹೇಳುವಾಗ ಸಡಿಲ. ಆದರೆ ಊಟದ ಆತುರದಲ್ಲಿ ಅಲೆಕ್ಸ್ ತಮ್ಮ ಅರ್ಧವನ್ನು ಮೂರೇ ಸೆಕೆಂಡಿನಲ್ಲಿ ಮುಗಿಸುತ್ತಿದ್ದರು.

“ನಿಧಾನ ಮಾರಾಯ್ರೆ! ದೇವರಿಗೆ ಬಸ್ ಹಿಡಿಯಲಿಕ್ಕೆ ಉಂಟಾ?”

ಹೆಂಡತಿಯ ಹೊಸ ಭಕ್ತಿಗೆ ಬೆದರಿ ಅಲೆಕ್ಸ್ ನಿಧಾನಿಸಿದರು.

ನಾಲ್ಕು ತಿಂಗಳ ನಂತರ, ಚರ್ಚಿನ ಹಬ್ಬದ ಬಲಿಪೂಜೆಯಲ್ಲಿ, ಹಿಲ್ಡಾ ಬಾಯಿ ‘ಗ್ಲೋರಿಯಾ’ದ ತುತ್ತತುದಿಯ ಸ್ವರ ಹಿಡಿದು ನಿಂತರು. ಒಂದು ಹನಿಯೂ ಜಾರಲಿಲ್ಲ.

ಮೆಟ್ಟಿಲಿಳಿಯುವಾಗ, ಮೊದಲು ತಂಡದಲ್ಲಿ ಹಾಡುತ್ತಿದ್ದ ಮೂವರು ಹೆಂಗಸರು ಅವರನ್ನು ಪಕ್ಕಕ್ಕೆ ಕರೆದರು.

“ಹಿಲ್ಡಾ ಬಾಯಿ, ನಾವು ಬಿಟ್ಟದ್ದೂ ಗಂಟಲಿಂದಲೇ,” ಎಂದಳು ಒಬ್ಬಳು, ನೆಲ ನೋಡುತ್ತ. “ನೀವು ಎಂತ ಮದ್ದು ಮಾಡಿದ್ದು?”

ಹಿಲ್ಡಾ ಬಾಯಿಗೆ ಎಲ್ಲ ಅರ್ಥವಾಯಿತು.

“ಮೊದಲು ಹೇಳಿ, ನಿಮ್ಮ ಮನೆಯಲ್ಲಿ ಜಪ ಹೇಳಿಸುವುದು ಯಾರು? ಅವರ ಸ್ಪೀಡ್ ಎಷ್ಟು?”